ಹ್ಯಾಂಡಲ್ ನಡುಗಿದಾಗ: ಸ್ಟೀರಿಂಗ್ ಡ್ಯಾಂಪರ್ ಕುರಿತು ನಾಲ್ಕು ಮಾತು

(ನಮ್ಮ ಸಂಸ್ಥೆಯ ಪ್ರೌಢಶಾಲೆ ಮತ್ತು ಪದವಿಪೂರ್ವ ಕಾಲೇಜಿನ ವಿದ್ಯಾರ್ಥಿಗಳಿಗಾಗಿ ನಡೆದ ರಸ್ತೆ ಸುರಕ್ಷತೆ ಕಾರ್ಯಕ್ರಮದಲ್ಲಿ ಮಾಡಿದ ಭಾಷಣದ ಬರಹ ರೂಪ)



 

ನಾನು ವಿಜ್ಞಾನದ ಶಿಕ್ಷಕನಲ್ಲ ಎಂಬುದು ನಿಮಗೆಲ್ಲ ಗೊತ್ತು. ಬೆಳಿಗ್ಗೆ ಉರ್ದು, ಮಧ್ಯಾಹ್ನ ಕನ್ನಡ ಪಾಠ ಮಾಡುವವನು. ಹಾಗಿದ್ದೂ ಇಂದು ಮೋಟಾರ್ ಸೈಕಲ್ಲಿನ ಒಂದು ಬಿಡಿಭಾಗದ ಬಗ್ಗೆ ಮಾತನಾಡಲು ನಿಂತಿದ್ದೇನೆ. ಇದಕ್ಕೆ ಎರಡು ಕಾರಣಗಳಿವೆ. ಒಂದನ್ನು ಈಗಲೇ ಹೇಳುತ್ತೇನೆ, ಇನ್ನೊಂದನ್ನು ಆಮೇಲೆ ಹೇಳುತ್ತೇನೆ.

ಕೆಲವು ದಿನಗಳ ಹಿಂದೆ ಹತ್ತನೆಯ ತರಗತಿಯಲ್ಲಿ ವ್ಯಾಕರಣ ಪಾಠ ಮುಗಿಸಿ ಹೊರಡುತ್ತಿದ್ದಾಗ ಒಬ್ಬ ಹುಡುಗ ಹಿಂದೆಯೇ ಬಂದ. "ಸರ್, ನಮ್ಮ ಅಣ್ಣ ಬೈಕಿಗೆ ಸ್ಟೀರಿಂಗ್ ಡ್ಯಾಂಪರ್ ತರಿಸುತ್ತಾನಂತೆ. ಅದು ಹಾಕಿದರೆ ನೂರರ ಮೇಲೆ ಹೋದರೂ ಹ್ಯಾಂಡಲ್ ಅಲ್ಲಾಡಲ್ಲವಂತೆ. ನಿಮ್ಮ ಅಬ್ಬಾ ಗ್ಯಾರೇಜಿನವರು ಅಲ್ವಾ, ನಿಜವಾ ಸರ್?" ಎಂದು ಕೇಳಿದ. ಅವನ ಪ್ರಶ್ನೆಗೆ ಹೌದು ಅಥವಾ ಇಲ್ಲ ಎಂಬ ಒಂದೇ ಮಾತಿನ ಉತ್ತರ ಇರಲಿಲ್ಲ. ನಾಳೆ ಹೇಳುತ್ತೇನೆ ಎಂದೆ. ಆ ನಾಳೆ ಇಂದು ಬಂದಿದೆ. ಈ ಉತ್ತರ ಅವನೊಬ್ಬನಿಗೆ ಮಾತ್ರವಲ್ಲ, ಮನೆಯಲ್ಲಿ ಬೈಕ್ ಇರುವ ಎಲ್ಲರಿಗೂ ಬೇಕಾದದ್ದು.

ಮುಂದಿನ ಚಕ್ರ ತಾನೇ ನೇರವಾಗುವುದು ಹೇಗೆ?

ಡ್ಯಾಂಪರ್ ಏನು ಮಾಡುತ್ತದೆ ಎಂದು ತಿಳಿಯಬೇಕಾದರೆ, ಅದು ಇಲ್ಲದೆಯೇ ಬೈಕು ನೇರವಾಗಿ ಹೋಗುವುದು ಹೇಗೆ ಎಂದು ಮೊದಲು ತಿಳಿಯಬೇಕು. ನೀವು ಸೈಕಲ್ ಹೊಡೆಯುವಾಗ ಒಮ್ಮೊಮ್ಮೆ ಎರಡೂ ಕೈ ಬಿಟ್ಟು ಹೋಗುತ್ತೀರಿ. (ನಾನು ನೋಡಿದ್ದೇನೆ, ಇಲ್ಲ ಎನ್ನಬೇಡಿ!) ಆಗಲೂ ಸೈಕಲ್ ಬೀಳುವುದಿಲ್ಲ. ಏಕೆ?

ಬೈಕಿನ ಮುಂದಿನ ಫೋರ್ಕ್ ನೆಟ್ಟಗೆ ನಿಂತಿರುವುದಿಲ್ಲ, ಹಿಂದಕ್ಕೆ ಒರಗಿರುತ್ತದೆ. ಹ್ಯಾಂಡಲ್ ತಿರುಗುವ ಅಕ್ಷದ ನೇರಕ್ಕೆ ಒಂದು ಗೆರೆ ಎಳೆದು ನೆಲದವರೆಗೆ ತಂದರೆ, ಅದು ಚಕ್ರ ನೆಲಕ್ಕೆ ತಾಗುವ ಜಾಗಕ್ಕಿಂತ ಸ್ವಲ್ಪ ಮುಂದೆ ಬೀಳುತ್ತದೆ. ಈ ಅಂತರಕ್ಕೆ ಟ್ರೇಲ್ ಎನ್ನುತ್ತಾರೆ. ನಮ್ಮ ರಸ್ತೆಗಳಲ್ಲಿ ಓಡುವ ಹೆಚ್ಚಿನ ಬೈಕುಗಳಲ್ಲಿ ಇದು ಸುಮಾರು 100 ಮಿಲಿಮೀಟರ್ ಆಸುಪಾಸಿನಲ್ಲಿ ಇರುತ್ತದೆ. ಅಂದರೆ ಚಕ್ರವು ತನ್ನ ಅಕ್ಷದ ಹಿಂದೆ ಎಳೆಸಿಕೊಂಡು ಬರುತ್ತದೆ. ಹಗ್ಗ ಹಿಡಿದು ಎಳೆದ ಆಟಿಕೆ ಗಾಡಿ ನಾವು ಹೋದ ದಿಕ್ಕಿಗೇ ತಿರುಗಿ ಬರುವ ಹಾಗೆ, ಮುಂದಿನ ಚಕ್ರವೂ ಹೋಗುವ ದಿಕ್ಕಿಗೆ ತಾನೇ ನೇರವಾಗುತ್ತದೆ.

ಆದರೆ ತಾನೇ ನೇರವಾಗುವ ಈ ಗುಣದಲ್ಲೇ ಒಂದು ತೊಂದರೆಯೂ ಇದೆ. ಸರ್ಕಾರಿ ಆಸ್ಪತ್ರೆಯಲ್ಲಿ ರೋಗಿಯನ್ನು ಮಲಗಿಸಿ ತಳ್ಳುವ ಗಾಡಿಯನ್ನು ನೋಡಿದ್ದೀರಲ್ಲ? ನಿಧಾನವಾಗಿ ತಳ್ಳಿದರೆ ಅದರ ಚಿಕ್ಕ ಚಕ್ರ ಸುಮ್ಮನಿರುತ್ತದೆ. ಜೋರಾಗಿ ತಳ್ಳಿದರೆ ಒಂದು ಚಕ್ರ ಎಡಕ್ಕೂ ಬಲಕ್ಕೂ ಪಟಪಟನೆ ಹೊಡೆದುಕೊಳ್ಳಲು ಶುರುಮಾಡುತ್ತದೆ. ನೇರವಾಗಲು ಬಂದ ಚಕ್ರ ನೇರದ ಗೆರೆಯಲ್ಲಿ ನಿಲ್ಲದೆ ದಾಟಿ ಆಚೆ ಹೋಗುತ್ತದೆ, ಮತ್ತೆ ಈಚೆ ಬರುತ್ತದೆ, ಮತ್ತೆ ಆಚೆ ಹೋಗುತ್ತದೆ. ಬೈಕಿನಲ್ಲೂ ಇದೇ ಆಗುತ್ತದೆ. ರಸ್ತೆಯ ಗುಂಡಿ, ಸೇತುವೆಯ ಜಾಯಿಂಟ್ ಅಥವಾ ಒಂದು ಕಲ್ಲು ಮುಂದಿನ ಚಕ್ರಕ್ಕೆ ಪೆಟ್ಟು ಕೊಟ್ಟರೆ ಹ್ಯಾಂಡಲ್ ನಡುಗುತ್ತದೆ. ಸುಸ್ಥಿತಿಯಲ್ಲಿರುವ ಬೈಕಿನಲ್ಲಿ ಎರಡು ಮೂರು ಸಲ ನಡುಗಿ ನಿಲ್ಲುತ್ತದೆ. ಸ್ಥಿತಿ ಸರಿಯಿಲ್ಲದ ಬೈಕಿನಲ್ಲಿ ಆ ನಡುಕ ನಿಲ್ಲದೆ ಬೆಳೆಯುತ್ತಾ ಹೋಗುತ್ತದೆ.

ಇದಕ್ಕೆ ವಾಬಲ್ ಎನ್ನುತ್ತಾರೆ. ಸೆಕೆಂಡಿಗೆ ಸುಮಾರು ಆರರಿಂದ ಹತ್ತು ಸಲ ಹ್ಯಾಂಡಲ್ ಆ ಕಡೆ ಈ ಕಡೆ ಹೊಡೆದುಕೊಳ್ಳುತ್ತದೆ. ಅತಿಯಾದಾಗ ಹ್ಯಾಂಡಲ್ ಪೆಟ್ರೋಲ್ ಟ್ಯಾಂಕಿಗೇ ಬಡಿಯುತ್ತದೆ. ಅದಕ್ಕೇ ಅದನ್ನು ಟ್ಯಾಂಕ್ ಸ್ಲ್ಯಾಪರ್ ಎಂದು ಕರೆಯುತ್ತಾರೆ. ಇನ್ನೊಂದು ಬಗೆಯ ಅಲುಗಾಟವಿದೆ. ಅದರ ಹೆಸರು ವೀವ್. ಅದರಲ್ಲಿ ಹ್ಯಾಂಡಲ್ ಮಾತ್ರವಲ್ಲ, ಇಡೀ ಬೈಕು ಹಾವು ಹರಿದ ಹಾಗೆ ನಿಧಾನವಾಗಿ, ಸೆಕೆಂಡಿಗೆ ಎರಡರಿಂದ ನಾಲ್ಕು ಸಲ ತೂಗಾಡುತ್ತದೆ. ಇದು ಹೆಚ್ಚಾಗಿ ಅತಿ ವೇಗದಲ್ಲಿ ಬರುತ್ತದೆ. ಈ ಎರಡು ಹೆಸರುಗಳನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಡ್ಯಾಂಪರ್ ಎಂದರೇನು?

ನಮ್ಮಲ್ಲಿ ಕೆಲವರು ಇದನ್ನು ಬೈಕಿನ ಲಗಾಮು ಎಂದು ಹೇಳುತ್ತಾರೆ. ಲಗಾಮು ಎಂಬುದು ಉರ್ದುವಿನಲ್ಲೂ ಇರುವ, ಕನ್ನಡದಲ್ಲೂ ಇರುವ ಒಳ್ಳೆಯ ಪದ. ಆದರೆ ಇಲ್ಲಿ ಹೊಂದುವುದಿಲ್ಲ. ಲಗಾಮು ಕುದುರೆಯನ್ನು ತಿರುಗಿಸುತ್ತದೆ, ನಿಲ್ಲಿಸುತ್ತದೆ. ಡ್ಯಾಂಪರ್ ಬೈಕನ್ನು ತಿರುಗಿಸುವುದೂ ಇಲ್ಲ, ನಿಲ್ಲಿಸುವುದೂ ಇಲ್ಲ, ನೇರಕ್ಕೆ ತರುವುದೂ ಇಲ್ಲ. ಅದು ಮಾಡುವುದು ಒಂದೇ ಕೆಲಸ: ಹ್ಯಾಂಡಲ್ ಬೇಗ ತಿರುಗಲು ಹೋದರೆ ಅಡ್ಡಿ ಮಾಡುತ್ತದೆ.

ಮನೆಯಲ್ಲಿ ಸೂಜಿ ತೆಗೆದ ಒಂದು ಹೊಸ ಸಿರಿಂಜ್ ತೆಗೆದುಕೊಂಡು ನೀರು ತುಂಬಿ ಒತ್ತಿ ನೋಡಿ. ನಿಧಾನವಾಗಿ ಒತ್ತಿದರೆ ಸಲೀಸಾಗಿ ಹೋಗುತ್ತದೆ. ಜೋರಾಗಿ ಒತ್ತಿದರೆ ಬೆರಳಿಗೆ ಗಟ್ಟಿ ಎನಿಸುತ್ತದೆ. ಡ್ಯಾಂಪರ್ ಕೆಲಸ ಮಾಡುವುದೂ ಹೀಗೆಯೇ. ಒಂದು ಕೊಳವೆ, ಒಳಗೆ ಎಣ್ಣೆ, ಎಣ್ಣೆಯಲ್ಲಿ ಪಿಸ್ಟನ್, ಎಣ್ಣೆ ಹಾದುಹೋಗಲು ಸಣ್ಣ ರಂಧ್ರ, ಪಿಸ್ಟನ್ನಿಗೆ ಜೋಡಿಸಿದ ಒಂದು ಸರಳು. ಕೊಳವೆಯನ್ನು ಛಾಸಿಗೆ, ಸರಳನ್ನು ಫೋರ್ಕಿಗೆ ಕಟ್ಟುತ್ತಾರೆ. ನೀವು ತಿರುವಿನಲ್ಲಿ ನಿಧಾನವಾಗಿ ಹ್ಯಾಂಡಲ್ ತಿರುಗಿಸಿದರೆ ಎಣ್ಣೆ ದಾರಿ ಬಿಡುತ್ತದೆ. ಸೆಕೆಂಡಿಗೆ ಎಂಟು ಸಲ ನಡುಗಲು ಹೋದರೆ ಬಿಡುವುದಿಲ್ಲ. ನಡುಕದ ಶಕ್ತಿ ಎಣ್ಣೆಯಲ್ಲಿ ಶಾಖವಾಗಿ ಮುಗಿದುಹೋಗುತ್ತದೆ. ರಂಧ್ರವನ್ನು ಹಿರಿದು ಕಿರಿದು ಮಾಡಲು ಒಂದು ತಿರುಪು ಇರುತ್ತದೆ, ಅದು ಕ್ಲಿಕ್ ಕ್ಲಿಕ್ ಎಂದು ತಿರುಗುತ್ತದೆ.

ಇದು ಹೊಸ ವಸ್ತುವೇನಲ್ಲ. 1960ರ ದಶಕದಿಂದ 1996ರವರೆಗೆ ನಮ್ಮ ಮೈಸೂರಿನಲ್ಲಿ ಐಡಿಯಲ್ ಜಾವಾ ಕಾರ್ಖಾನೆ ಇತ್ತು. ಅಲ್ಲಿಂದ ಬಂದ ಹಳೆಯ ಜಾವಾ ಬೈಕಿನಲ್ಲಿ ಮತ್ತು ಹಳೆಯ ಬುಲೆಟ್ಟಿನಲ್ಲಿ ಹ್ಯಾಂಡಲ್ಲಿನ ನಟ್ಟನಡುವೆ ಒಂದು ದಪ್ಪ ತಿರುಗುಬಿರಡೆ ಇರುತ್ತಿತ್ತು. ನಿಮ್ಮ ಅಜ್ಜಂದಿರನ್ನು ಕೇಳಿ, ಹೇಳುತ್ತಾರೆ. ಅದೂ ಡ್ಯಾಂಪರ್ರೇ. ಅದರಲ್ಲಿ ಎಣ್ಣೆ ಇರಲಿಲ್ಲ, ಬಿಲ್ಲೆಗಳನ್ನು ಒತ್ತಿ ಹಿಡಿದು ಘರ್ಷಣೆಯಿಂದ ಕೆಲಸ ಮಾಡುತ್ತಿತ್ತು. ಪಕ್ಕಕ್ಕೆ ಸೈಡ್ ಕಾರ್ ಕಟ್ಟಿದಾಗ ಅದು ಹೆಚ್ಚು ಉಪಯೋಗಕ್ಕೆ ಬರುತ್ತಿತ್ತು. ಅದರ ದೋಷ ಏನೆಂದರೆ, ನಿಧಾನಕ್ಕೂ ಜೋರಿಗೂ ಒಂದೇ ಸಮನೆ ಅಡ್ಡಿ ಮಾಡುತ್ತಿತ್ತು. ಎಣ್ಣೆಯ ಡ್ಯಾಂಪರ್ ಬಂದದ್ದು ಈ ದೋಷಕ್ಕೆ ಪರಿಹಾರವಾಗಿ. ಆಮೇಲೆ 2004ರಲ್ಲಿ ಹೋಂಡಾ ಕಂಪನಿ ತನ್ನ 1000 ಸಿಸಿ ಸ್ಪೋರ್ಟ್ಸ್ ಬೈಕಿನಲ್ಲಿ ವೇಗಕ್ಕೆ ತಕ್ಕಂತೆ ತಾನೇ ಬಿಗಿಯಾಗುವ ಎಲೆಕ್ಟ್ರಾನಿಕ್ ಡ್ಯಾಂಪರ್ ತಂದಿತು. ನಿಧಾನಕ್ಕೆ ಹೋಗುವಾಗ ಅದು ಸಡಿಲವಾಗಿರುತ್ತದೆ, ವೇಗ ಏರಿದಂತೆ ಬಿಗಿಯಾಗುತ್ತದೆ.

ಹಾಗಾದರೆ ಯಾವ ಬೈಕಿಗೆ ಇದು ಬೇಕು? ಇಳಿಜಾರು ಫೋರ್ಕ್ ಕಡಿಮೆ ಇರುವ, ಎಂಜಿನ್ ಶಕ್ತಿ ಬಹಳ ಇರುವ, ಆಕ್ಸಿಲರೇಟರ್ ತಿರುಗಿಸಿದರೆ ಮುಂದಿನ ಚಕ್ರ ಹಗುರಾಗಿ ನೆಲ ಬಿಡುವಂತಾಗುವ ದೊಡ್ಡ ಬೈಕುಗಳಿಗೆ ಬೇಕು. ರೇಸಿಗೆ ಬೇಕು. ಅಂಥ ಅನೇಕ ಬೈಕುಗಳಿಗೆ ಕಂಪನಿಯವರೇ ಹಾಕಿ ಕೊಡುತ್ತಾರೆ. ನಮ್ಮ ಮನೆಗಳಲ್ಲಿರುವ 100, 125, 150 ಸಿಸಿ ಬೈಕುಗಳಿಗೆ ಕಂಪನಿಯವರು ಹಾಕಿಲ್ಲ. ಜಿಪುಣತನದಿಂದ ಹಾಕಿಲ್ಲ ಎಂದುಕೊಳ್ಳಬೇಡಿ. ಆ ಬೈಕಿನ ವೇಗಕ್ಕೆ, ಭಾರಕ್ಕೆ, ಫೋರ್ಕಿನ ಕೋನಕ್ಕೆ ಅದು ಬೇಕಿಲ್ಲ ಎಂದು ಲೆಕ್ಕ ಹಾಕಿ ಬಿಟ್ಟಿದ್ದಾರೆ. ಅಂಥ ಬೈಕು 60, 70 ಕಿಲೋಮೀಟರ್ ವೇಗದಲ್ಲಿ ನಡುಗುತ್ತಿದೆ ಎಂದರೆ ಅದಕ್ಕೆ ಡ್ಯಾಂಪರ್ ಇಲ್ಲದ್ದು ಕಾರಣವಲ್ಲ. ಬೇರೆ ಏನೋ ಕೆಟ್ಟಿದೆ.

ನಾನು ಮಾಡಿದ ತಪ್ಪು

ಈಗ ಎರಡನೆಯ ಕಾರಣವನ್ನು ಹೇಳುತ್ತೇನೆ. ಇದನ್ನು ವೇದಿಕೆಯ ಮೇಲೆ ಹೇಳುವುದು ನನಗೆ ಸುಲಭವಲ್ಲ. ಆದರೂ ಹೇಳಬೇಕು.

ನಾನು ಬಿ.ಎಡ್. ಮುಗಿಸಿ ಕೆಲಸಕ್ಕೆ ಸೇರಿದ ಹೊಸತು. ನನ್ನ ತಮ್ಮ ಒಂದು ಹಳೆಯ 150 ಸಿಸಿ ಬೈಕಿನಲ್ಲಿ ಸಂತೆಯಿಂದ ಸಂತೆಗೆ ಬಟ್ಟೆ ವ್ಯಾಪಾರಕ್ಕೆ ಹೋಗುತ್ತಿದ್ದ. ಹಿಂದಿನ ಕ್ಯಾರಿಯರಿನ ಮೇಲೆ ಎರಡು ದೊಡ್ಡ ಗಂಟು. ಒಂದು ದಿನ ಬಂದು, "ಭಾಯ್, ಅರವತ್ತೈದು ದಾಟಿದರೆ ಹ್ಯಾಂಡಲ್ ನಡುಗುತ್ತೆ" ಎಂದ. ನಾನು ಓದಿದವನಲ್ಲವೇ! ಮೊಬೈಲಿನಲ್ಲಿ ಹುಡುಕಿದೆ, ಎಲ್ಲ ಬೈಕಿಗೂ ಹೊಂದುತ್ತದೆ ಎಂದು ಮಾರುವ ಒಂದು ಅಗ್ಗದ ಡ್ಯಾಂಪರ್ ತರಿಸಿದೆ. ಅಬ್ಬಾ ಊರಲ್ಲಿ ಇರಲಿಲ್ಲ. ಅವರು ಬರುವವರೆಗೆ ಕಾಯುವ ಅಗತ್ಯವೂ ನನಗೆ ಕಾಣಲಿಲ್ಲ. ಅವರು ನಾಲ್ಕನೆಯ ತರಗತಿಗೆ ಶಾಲೆ ಬಿಟ್ಟವರು. ಡ್ಯಾಂಪರಿನ ಜೊತೆ ಬಂದ ಹಾಳೆ ಇಂಗ್ಲಿಷಿನಲ್ಲಿತ್ತು. ಅದನ್ನು ಓದಲು ಮನೆಯಲ್ಲಿ ಬರುತ್ತಿದ್ದುದು ನನಗೊಬ್ಬನಿಗೇ.

ಗ್ಯಾರೇಜಿನ ಸ್ಪ್ಯಾನರ್ ತೆಗೆದು ನಾನೇ ಕೂರಿಸಿದೆ. ತಮ್ಮ ಒಂದು ಸುತ್ತು ಹೋಗಿ ಬಂದ. ನಡುಕ ನಿಂತಿತ್ತು. ಇಬ್ಬರಿಗೂ ಖುಷಿಯಾಯಿತು. ಅಬ್ಬಾ ಬಂದಾಗ ಹೆಮ್ಮೆಯಿಂದ ತೋರಿಸಿದೆ. ಅವರು ನೋಡಿ, "ಕೋನ್ ಸೆಟ್ ನೋಡಿದೆಯಾ?" ಎಂದು ಮಾತ್ರ ಕೇಳಿದರು. ನಡುಕ ನಿಂತ ಮೇಲೆ ನೋಡುವುದೇನು ಎಂದು ನಾನು ಮಾತು ತೇಲಿಸಿದೆ. ಮಗ ಮೇಷ್ಟ್ರಾಗಿದ್ದಾನೆ ಎಂದೋ ಏನೋ, ಅವರು ಮತ್ತೆ ಕೇಳಲಿಲ್ಲ.

ಸುಮಾರು ನಾಲ್ಕು ತಿಂಗಳು ಏನೂ ಆಗಲಿಲ್ಲ. ನಡುಕ ಇಲ್ಲದ್ದರಿಂದ ತಮ್ಮ ಮೊದಲಿಗಿಂತ ವೇಗವಾಗಿ ಹೋಗಲು ಕಲಿತ. ಒಂದು ಸಂಜೆ ಹೆದ್ದಾರಿಯಲ್ಲಿ ಗಂಟು ಹೇರಿಕೊಂಡು ಬರುವಾಗ ಸೇತುವೆಯ ಜಾಯಿಂಟ್ ಮೇಲೆ ಬೈಕು ಎಗರಿತು. ಹ್ಯಾಂಡಲ್ ಒಮ್ಮೆಲೇ ಕೈಯಿಂದ ಕಿತ್ತುಕೊಂಡಿತು, ಹಿಡಿಯಲು ಆಗಲಿಲ್ಲ ಎಂದು ಅವನು ಆಮೇಲೆ ಹೇಳಿದ. ಕತ್ತಿನ ಬಳಿಯ ಮೂಳೆ ಮುರಿಯಿತು, ಮುಂಗೈ ಮುರಿಯಿತು. ತಲೆಯಲ್ಲಿ ಹೆಲ್ಮೆಟ್ ಇತ್ತು. ಹಿಂದೆ ಲಾರಿ ಇರಲಿಲ್ಲ. ಅಲ್ಲಾಹನ ಕೃಪೆ, ಜೀವ ಉಳಿಯಿತು. ಆರು ತಿಂಗಳು ವ್ಯಾಪಾರವಿಲ್ಲ. ಅಮ್ಮಿ ಆಸ್ಪತ್ರೆಯಲ್ಲಿ ನನ್ನ ಮುಖವನ್ನು ನೋಡಿದ ರೀತಿ ನನಗೆ ಇನ್ನೂ ನೆನಪಿದೆ. ಅವರಿಗೆ ಡ್ಯಾಂಪರ್ ವಿಷಯ ಏನೂ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು.

ಬೈಕು ಗ್ಯಾರೇಜಿಗೆ ಬಂದ ಮೇಲೆ ಅಬ್ಬಾ ನನ್ನನ್ನು ಕೂರಿಸಿಕೊಂಡು ಮುಂಭಾಗ ಬಿಚ್ಚಿದರು. ಕೋನ್ ಸೆಟ್ಟಿನ ಕೆಳಗಿನ ಬಟ್ಟಲನ್ನು ಸೀಮೆಎಣ್ಣೆಯಲ್ಲಿ ತೊಳೆದು ನನ್ನ ಅಂಗೈಯಲ್ಲಿಟ್ಟರು. ಗುಂಡುಗಳು ಕೂತ ಜಾಗದಲ್ಲೆಲ್ಲ ಸಾಲಾಗಿ ಗುಳಿ ಬಿದ್ದಿತ್ತು, ಉಗುರಿಗೆ ತಡೆಯುತ್ತಿತ್ತು. ಅದನ್ನು ಹಿಡಿದಿರುವ ನಟ್ ಸಡಿಲವಾಗಿತ್ತು. ಮುಂದಿನ ಟೈರ್ ಒಂದು ಪಕ್ಕಕ್ಕೆ ಸವೆದಿತ್ತು. ಇದು ನಾಲ್ಕು ತಿಂಗಳ ಹಿಂದೆಯೇ ಇದ್ದ ರೋಗ. ಬೈಕು ನಡುಗಿ ನಡುಗಿ ಅದನ್ನೇ ಹೇಳುತ್ತಿತ್ತು. ನಾನು ರೋಗವನ್ನು ಬಿಟ್ಟು ಅದರ ಬಾಯಿ ಮುಚ್ಚಿದ್ದೆ. ಅಬ್ಬಾ ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು.

ಆ ರಾತ್ರಿ ಇಂಗ್ಲಿಷ್ ಹಾಳೆಯನ್ನು ಹುಡುಕಿ ತೆಗೆದು ಮತ್ತೆ ಓದಿದೆ. ಕೂರಿಸುವ ಮೊದಲು ಸ್ಟೀರಿಂಗ್ ಬೇರಿಂಗ್ ಪರೀಕ್ಷಿಸಬೇಕು ಎಂದು ಅದರ ಆರಂಭದಲ್ಲೇ ಬರೆದಿತ್ತು. ಓದಲು ಬರುವ ನಾನು ಅದನ್ನು ಮಾಡಲಿಲ್ಲ. ಓದಲು ಬಾರದ ಅಬ್ಬಾ ಅದನ್ನೇ ಕೇಳಿದ್ದರು.

ಕೂರಿಸುವ ಮೊದಲು ಏನು ನೋಡಬೇಕು?

ಆದ್ದರಿಂದ ಮೊದಲು ಪರೀಕ್ಷೆ, ಆಮೇಲೆ ಡ್ಯಾಂಪರ್. ಇದನ್ನು ನೀವೇ ಮನೆಯಲ್ಲಿ ಮಾಡಬಹುದು. ಬೈಕನ್ನು ಡಬಲ್ ಸ್ಟ್ಯಾಂಡ್ ಹಾಕಿ, ಎಂಜಿನ್ನಿನ ಕೆಳಗೆ ಗಟ್ಟಿಯಾದ ಮರದ ತುಂಡು ಕೊಟ್ಟು ಮುಂದಿನ ಚಕ್ರ ನೆಲ ಬಿಡುವಂತೆ ಮಾಡಿ. ಒಬ್ಬರು ಹಿಂದೆ ಹಿಡಿದುಕೊಂಡಿರಲಿ.

ಮೊದಲನೆಯದಾಗಿ, ಫೋರ್ಕಿನ ಕೆಳತುದಿ ಹಿಡಿದು ಹಿಂದಕ್ಕೂ ಮುಂದಕ್ಕೂ ಅಲ್ಲಾಡಿಸಿ. ಟಕ್ ಟಕ್ ಎಂದು ಆಟ ಸಿಕ್ಕಿದರೆ ಕೋನ್ ಸೆಟ್ ಸಡಿಲವಾಗಿದೆ. ಎರಡನೆಯದಾಗಿ, ಹ್ಯಾಂಡಲನ್ನು ಒಂದು ಬೆರಳಿನಿಂದ ನಿಧಾನವಾಗಿ ಎಡದಿಂದ ಬಲಕ್ಕೆ ತಿರುಗಿಸಿ. ನಟ್ಟನಡುವೆ ಗುಳಿಯಲ್ಲಿ ಕೂತ ಹಾಗೆ ತಡೆದರೆ ಬಟ್ಟಲು ಸವೆದಿದೆ, ಬಿಗಿ ಮಾಡಿದರೆ ಸಾಲದು, ಬದಲಾಯಿಸಬೇಕು. ಎಲ್ಲೂ ತಡೆಯದೆ ಇಡೀ ಸುತ್ತು ಗಟ್ಟಿ ಎನಿಸಿದರೆ ಯಾರೋ ಅತಿಯಾಗಿ ಬಿಗಿ ಮಾಡಿದ್ದಾರೆ, ಅದೂ ತಪ್ಪು. ಮೂರನೆಯದಾಗಿ, ಚಕ್ರ ತಿರುಗಿಸಿ ರಿಮ್ ಬೆಂಡ್ ಇದೆಯೇ, ಸ್ಪೋಕ್ಸ್ ಚಕ್ರವಾದರೆ ಕಡ್ಡಿ ಸಡಿಲವಿದೆಯೇ ನೋಡಿ. ನಾಲ್ಕನೆಯದಾಗಿ, ಟೈರಿನ ಸವೆತ ಮತ್ತು ಗಾಳಿ. ಎಷ್ಟು ಗಾಳಿ ಇರಬೇಕು ಎಂದು ಬೈಕಿನ ಕೈಪಿಡಿಯಲ್ಲಿರುತ್ತದೆ. ಐದನೆಯದಾಗಿ, ಹಿಂದಿನ ಚಕ್ರವನ್ನು ಹಿಡಿದು ಪಕ್ಕಕ್ಕೆ ಅಲ್ಲಾಡಿಸಿ. ಆಟ ಇದ್ದರೆ ಸ್ವಿಂಗ್ ಆರ್ಮಿನ ಬುಷ್ ಅಥವಾ ಚಕ್ರದ ಬೇರಿಂಗ್ ಹೋಗಿದೆ. ಚೈನ್ ಬಿಗಿ ಮಾಡುವಾಗ ಹಿಂದಿನ ಚಕ್ರ ಓರೆಯಾಗಿ ಕೂತಿದೆಯೇ ಎಂದೂ ನೋಡಿ.

ಕೊನೆಯದಾಗಿ ಹೊರೆ. ಹಿಂದಿನ ಚಕ್ರದ ಅಕ್ಷಕ್ಕಿಂತ ಹಿಂದೆ ಭಾರ ಹೇರಿದಷ್ಟೂ ಮುಂದಿನ ಚಕ್ರ ಹಗುರಾಗುತ್ತದೆ. ಹಾಲಿನ ಕ್ಯಾನ್, ಗ್ಯಾಸ್ ಸಿಲಿಂಡರ್, ಬಟ್ಟೆಯ ಗಂಟು, ಜುಮಾ ನಮಾಜಿಗೆ ಒಂದೇ ಬೈಕಿನಲ್ಲಿ ಹೋಗುವ ಮೂವರು ಹುಡುಗರು, ಇವೆಲ್ಲವೂ ನಡುಕಕ್ಕೆ ದಾರಿ. ಹತ್ತರಲ್ಲಿ ಎಂಟೊಂಬತ್ತು ಬೈಕು ಇಷ್ಟರಲ್ಲೇ ಸರಿಹೋಗುತ್ತದೆ ಎಂದು ಅಬ್ಬಾ ಹೇಳುತ್ತಾರೆ. ಇದು ಅವರ ಗ್ಯಾರೇಜಿನ ಅನುಭವದ ಮಾತು.

ಕೂರಿಸುವ ಕ್ರಮ

ಇಷ್ಟೆಲ್ಲ ನೋಡಿದ ಮೇಲೂ, ದೊಡ್ಡ ಬೈಕು ಇರುವವರು, ದೂರ ಪ್ರಯಾಣ ಮಾಡುವವರು ಡ್ಯಾಂಪರ್ ಬೇಕೆಂದರೆ ತಪ್ಪಿಲ್ಲ. ಆದರೆ ಕ್ರಮ ತಿಳಿದಿರಲಿ. ನಿಮ್ಮಲ್ಲಿ ಮುಂದೆ ಮೆಕ್ಯಾನಿಕ್ ಆಗುವವರು ಈ ಭಾಗವನ್ನು ಗಮನವಿಟ್ಟು ಕೇಳಿ.

ಆ ಬೈಕಿನ ಮಾಡೆಲ್ಲಿಗೆಂದೇ ಮಾಡಿದ ಕಿಟ್ ಇದ್ದರೆ ಅದನ್ನೇ ಕೊಳ್ಳಬೇಕು. ಇಲ್ಲದಿದ್ದರೆ ಅಳತೆ ಮುಖ್ಯ. ಛಾಸಿಯಲ್ಲಿ ಒಂದು ಜಾಗ, ಫೋರ್ಕಿನಲ್ಲಿ ಒಂದು ಜಾಗ ಗುರುತಿಸಿ. ಹ್ಯಾಂಡಲ್ ಪೂರ್ತಿ ಎಡಕ್ಕೆ ತಿರುಗಿಸಿ ಎರಡು ಗುರುತುಗಳ ನಡುವಿನ ದೂರ ಅಳೆಯಿರಿ. ಪೂರ್ತಿ ಬಲಕ್ಕೆ ತಿರುಗಿಸಿ ಮತ್ತೆ ಅಳೆಯಿರಿ. ಒಂದು ಕಡೆ 210 ಮಿಲಿಮೀಟರ್, ಇನ್ನೊಂದು ಕಡೆ 280 ಬಂತು ಎನ್ನೋಣ. ವ್ಯತ್ಯಾಸ 70. ಡ್ಯಾಂಪರಿನ ಸರಳು ಒಳಗೆ ಹೊರಗೆ ಚಲಿಸುವ ಉದ್ದ ಇದಕ್ಕಿಂತ ಹೆಚ್ಚಿರಲೇಬೇಕು. ಕಡಿಮೆ ಇದ್ದರೆ ಹ್ಯಾಂಡಲ್ ಪೂರ್ತಿ ತಿರುಗುವ ಮೊದಲೇ ಸರಳು ಕೊನೆ ಮುಟ್ಟುತ್ತದೆ. ಆಗ ಹ್ಯಾಂಡಲನ್ನು ತಡೆಯುವ ಕೆಲಸ ಛಾಸಿಯ ಸ್ಟಾಪರಿಗೆ ಬದಲು ಡ್ಯಾಂಪರಿಗೆ ಬೀಳುತ್ತದೆ. ಅದು ಆ ಕೆಲಸಕ್ಕೆ ಹುಟ್ಟಿದ್ದಲ್ಲ. ಯು-ತಿರುವಿನಲ್ಲಿ ಹ್ಯಾಂಡಲ್ ಅರ್ಧಕ್ಕೇ ನಿಂತರೆ ಏನಾಗುತ್ತದೆ ಎಂದು ನೀವೇ ಊಹಿಸಿ. ಚಕ್ರ ನೇರವಿದ್ದಾಗ ಪಿಸ್ಟನ್ ಸುಮಾರು ನಡುವಿನಲ್ಲಿರಬೇಕು.

ಛಾಸಿಗೆ ರಂಧ್ರ ಕೊರೆಯಬಾರದು, ವೆಲ್ಡಿಂಗ್ ಮಾಡಬಾರದು. ಹ್ಯಾಂಡಲ್ ಕೂರುವ ಜಾಗದ ಸುತ್ತಮುತ್ತಲಂತೂ ಖಂಡಿತ ಮಾಡಬಾರದು. ಫೋರ್ಕಿನ ಹೊಳೆಯುವ ಕೊಳವೆಯಲ್ಲಿ ಆಯಿಲ್ ಸೀಲ್ ಮೇಲೆ ಕೆಳಗೆ ಓಡುವ ಭಾಗಕ್ಕೆ ಕ್ಲ್ಯಾಂಪ್ ಕಟ್ಟಬಾರದು. ಕಟ್ಟಿದರೆ ಅಲ್ಲಿ ಗೀರು ಬಿದ್ದು ಸೀಲ್ ಸೋರುತ್ತದೆ. ಡ್ಯಾಂಪರಿನ ಕೊಳವೆಯನ್ನು ಹಿಡಿಯುವ ಕ್ಲ್ಯಾಂಪನ್ನು ಬಲ ಹಾಕಿ ಬಿಗಿದರೆ ಕೊಳವೆ ಅದುಮಿ ಒಳಗೆ ಪಿಸ್ಟನ್ ಸಿಕ್ಕಿಕೊಳ್ಳುತ್ತದೆ. ಎಷ್ಟು ಬಿಗಿಯಬೇಕು ಎಂದು ಕಿಟ್ಟಿನ ಹಾಳೆಯಲ್ಲಿ ನ್ಯೂಟನ್ ಮೀಟರ್ ಲೆಕ್ಕದಲ್ಲಿ ಬರೆದಿರುತ್ತದೆ. ಟಾರ್ಕ್ ರೆಂಚ್ ಇಟ್ಟು ಅಷ್ಟೇ ಬಿಗಿಯಬೇಕು. ಎರಡೂ ತುದಿಯ ಗುಂಡು ಕೀಲುಗಳು ಎಲ್ಲೂ ಸಿಕ್ಕದೆ ಸಲೀಸಾಗಿ ತಿರುಗಬೇಕು. ಬೋಲ್ಟುಗಳು ಕಂಪನಕ್ಕೆ ಸಡಿಲವಾಗದಂತೆ ಹಚ್ಚುವ ಅಂಟು ಸಿಗುತ್ತದೆ, ಅದನ್ನು ಹಚ್ಚಬೇಕು.

ಕೂರಿಸಿದ ಮೇಲೆ ಹ್ಯಾಂಡಲನ್ನು ಎರಡೂ ಕಡೆ ಪೂರ್ತಿ ತಿರುಗಿಸಿ. ಟ್ಯಾಂಕಿಗೆ ತಾಗುತ್ತಿದೆಯೇ, ಕ್ಲಚ್ ಕೇಬಲ್, ಬ್ರೇಕ್ ಪೈಪು, ವೈರುಗಳು ಸಿಕ್ಕಿಕೊಳ್ಳುತ್ತಿವೆಯೇ ನೋಡಿ. ಮುಂದಿನ ಶಾಕ್ ಒತ್ತಿ ಹಿಡಿದು ಇನ್ನೊಮ್ಮೆ ನೋಡಿ. ಬಳಿಕ ತಿರುಪನ್ನು ತೀರಾ ಸಡಿಲಕ್ಕೆ ಇಟ್ಟು ಖಾಲಿ ಮೈದಾನದಲ್ಲಿ ನಡಿಗೆಯ ವೇಗದಲ್ಲಿ ಎಂಟರ ಆಕಾರದಲ್ಲಿ ಸುತ್ತು ಹೊಡೆಯಿರಿ. ಬೈಕು ನಿಧಾನದಲ್ಲಿ ಬೀಳದೆ ನಿಲ್ಲುವುದು ನಾವು ಗೊತ್ತಿಲ್ಲದೆಯೇ ಹ್ಯಾಂಡಲನ್ನು ಸ್ವಲ್ಪ ಸ್ವಲ್ಪ ಆಡಿಸುತ್ತಿರುವುದರಿಂದ. ಡ್ಯಾಂಪರ್ ಬಿಗಿಯಾದರೆ ಆ ಸಣ್ಣ ಆಟ ನಿಂತುಹೋಗಿ, ಬೈಕು ಕುಡಿದವನ ಹಾಗೆ ಓಲಾಡಿ ಟ್ರಾಫಿಕ್ಕಿನಲ್ಲಿ ಬೀಳಿಸುತ್ತದೆ. ಸಡಿಲದಿಂದ ಶುರುಮಾಡಿ ಒಂದೊಂದೇ ಕ್ಲಿಕ್ ಏರಿಸಬೇಕು, ಸಾಕು ಎನಿಸಿದಲ್ಲಿ ನಿಲ್ಲಿಸಬೇಕು.

ಬಿಗಿ ಹೆಚ್ಚಾದಷ್ಟೂ ಒಳ್ಳೆಯದು ಎಂಬುದು ದೊಡ್ಡ ತಪ್ಪು ಕಲ್ಪನೆ. ಬ್ರಿಟನ್ನಿನ ಇಂಜಿನಿಯರ್ ರಾಬಿನ್ ಶಾರ್ಪ್ ಅವರು 1971ರಲ್ಲಿ ಮೋಟಾರ್ ಸೈಕಲ್ಲಿನ ಸ್ಥಿರತೆಯ ಬಗ್ಗೆ ಒಂದು ಪ್ರಸಿದ್ಧ ಪ್ರಬಂಧ ಪ್ರಕಟಿಸಿದರು. ವಾಬಲ್, ವೀವ್ ಎಂಬ ಎರಡು ಹೆಸರು ನೆನಪಿಟ್ಟುಕೊಳ್ಳಿ ಎಂದೆನಲ್ಲ? ಡ್ಯಾಂಪರ್ ವಾಬಲನ್ನು ತಗ್ಗಿಸುತ್ತದೆ, ಆದರೆ ಅತಿ ವೇಗದಲ್ಲಿ ವೀವನ್ನು ಹೆಚ್ಚಿಸಬಹುದು ಎಂದು ಗಣಿತ ತೋರಿಸುತ್ತದೆ. ಮುಂದಿನ ಚಕ್ರ ತಾನೇ ನೇರವಾಗಲು ಹೋಗುವಾಗ ಬಿಗಿ ಡ್ಯಾಂಪರ್ ಅದನ್ನೂ ತಡಮಾಡುತ್ತದೆ. ಔಷಧಿಗೂ ಒಂದು ಪ್ರಮಾಣ ಇರುತ್ತದೆ, ಹೆಚ್ಚಾದರೆ ಅದೇ ವಿಷ.

ಇನ್ನೊಂದು ಮಾತು. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ವಾಹನದಲ್ಲಿ ಬದಲಾವಣೆ ಮಾಡುವುದಕ್ಕೆ ಮಿತಿ ಹಾಕಿದೆ. ಹೊರಗಿನ ಭಾಗ ಹಾಕಿಸುವ ಮೊದಲು ಸರ್ವಿಸ್ ಕೇಂದ್ರದಲ್ಲಿ, ಆರ್‌ಟಿಒ ಕಚೇರಿಯಲ್ಲಿ, ವಿಮಾ ಕಂಪನಿಯಲ್ಲಿ ವಿಚಾರಿಸಿ.

ದಾರಿಯಲ್ಲಿ ನಡುಗಿದರೆ?

ನಿಮ್ಮ ಕೈಯಲ್ಲಿ ಹ್ಯಾಂಡಲ್ ನಡುಗಲು ಶುರುವಾದರೆ ಏನು ಮಾಡಬೇಕು? ಗಟ್ಟಿಯಾಗಿ ಅದುಮಿ ಹಿಡಿಯಬೇಕು, ಬ್ರೇಕ್ ಒತ್ತಬೇಕು ಎಂದು ಮನಸ್ಸು ಹೇಳುತ್ತದೆ. ಎರಡೂ ತಪ್ಪು. ತೋಳು ಬಿಗಿ ಹಿಡಿದರೆ ನಿಮ್ಮ ಮೈಯ ಅಲುಗಾಟವೂ ಹ್ಯಾಂಡಲ್ಲಿಗೆ ಸೇರುತ್ತದೆ. ಮುಂದಿನ ಬ್ರೇಕನ್ನು ಥಟ್ಟನೆ ಒತ್ತಿದರೆ ನಡುಗುವ ಚಕ್ರದ ಮೇಲೆ ಇನ್ನಷ್ಟು ಭಾರ ಬೀಳುತ್ತದೆ. ಹ್ಯಾಂಡಲ್ ಬಿಡದೆ, ಆದರೆ ಹಗುರಾಗಿ ಹಿಡಿದು, ಮೊಣಕಾಲುಗಳಿಂದ ಟ್ಯಾಂಕನ್ನು ಒತ್ತಿ ಹಿಡಿಯಿರಿ. ಮೈಯನ್ನು ಸ್ವಲ್ಪ ಮುಂದಕ್ಕೆ ಬಾಗಿಸಿ. ಆಕ್ಸಿಲರೇಟರನ್ನು ನಿಧಾನವಾಗಿ ಇಳಿಸಿ. ವೇಗ ಇಳಿದಂತೆ ನಡುಕ ಇಳಿಯುತ್ತದೆ. ಪಕ್ಕಕ್ಕೆ ನಿಲ್ಲಿಸಿ. ಅಂದೇ ಮೆಕ್ಯಾನಿಕ್ಕಿಗೆ ತೋರಿಸಿ, ನಾಳೆ ಎನ್ನಬೇಡಿ.

ಮುಖ್ಯವಾಗಿ, ಹದಿನೆಂಟು ತುಂಬದವರು ಗೇರ್ ಬೈಕಿಗೆ ಕೈ ಹಾಕಲೇಬೇಡಿ. 2019ರ ತಿದ್ದುಪಡಿಯ ನಂತರ ಅಪ್ರಾಪ್ತರು ವಾಹನ ಓಡಿಸಿ ಅಪರಾಧ ಮಾಡಿದರೆ ಪೋಷಕರಿಗೆ 25,000 ರೂಪಾಯಿ ದಂಡ ಮತ್ತು ಮೂರು ವರ್ಷದವರೆಗೆ ಜೈಲು ಶಿಕ್ಷೆಗೆ ಅವಕಾಶವಿದೆ. ನಿಮ್ಮ ಅಬ್ಬಾನ ಹೆಸರಿಗೆ ಆ ಮಸಿ ಬಳಿಯಬೇಡಿ. ಡ್ಯಾಂಪರಿಗೆ ಕೂಡಿಟ್ಟ ದುಡ್ಡಿದ್ದರೆ ಅದರಲ್ಲಿ ಐಎಸ್ಐ ಮುದ್ರೆಯ ಒಳ್ಳೆಯ ಹೆಲ್ಮೆಟ್, ಮುಂದಿನ ಚಕ್ರಕ್ಕೆ ಒಂದು ಹೊಸ ಟೈರ್ ಕೊಳ್ಳಿ. ಒಂಟೆಯನ್ನು ಕಟ್ಟಿದ ಮೇಲೆ ತವಕ್ಕುಲ್ ಎಂದು ನೀವು ಮದ್ರಸದಲ್ಲಿ ಕಲಿತಿದ್ದೀರಿ. ನಟ್ ಬಿಗಿ ಇದೆಯೇ ಎಂದು ನೋಡುವುದು ಒಂಟೆ ಕಟ್ಟುವ ಕೆಲಸವೇ.

ಕೈಯ ವಿದ್ಯೆ, ಕಣ್ಣಿನ ವಿದ್ಯೆ

ಕೊನೆಯದಾಗಿ, ಈ ಸಂಸ್ಥೆಯ ಹಿರಿಯರ ಮುಂದೆ ಒಂದು ಮಾತು. ನಮ್ಮ ಮೊಹಲ್ಲಾಗಳಲ್ಲಿ ಎಂಟನೆಯ, ಒಂಬತ್ತನೆಯ ತರಗತಿಗೇ ಶಾಲೆ ಬಿಟ್ಟು ಗ್ಯಾರೇಜಿಗೆ ಸೇರುವ ಹುಡುಗರು ಬಹಳ ಇದ್ದಾರೆ. ಉಸ್ತಾದರ ಹತ್ತಿರ ಅವರು ಕೈಯ ವಿದ್ಯೆ ಕಲಿಯುತ್ತಾರೆ. ಆ ವಿದ್ಯೆ ಸಣ್ಣದಲ್ಲ. ಕೋನ್ ಸೆಟ್ಟಿನ ಹದವನ್ನು ಬೆರಳಿನಿಂದ ಹೇಳುವ ಅಬ್ಬಾನ ಜ್ಞಾನ ನನ್ನ ಪದವಿಯಲ್ಲಿ ಇರಲಿಲ್ಲ. ಆದರೆ ಈಗ ಬರುವ ಬೈಕುಗಳಲ್ಲಿ ಎಬಿಎಸ್ ಇದೆ, ಫ್ಯುಯೆಲ್ ಇಂಜೆಕ್ಷನ್ ಇದೆ, ಹಾಳೆ ಓದಿ ಲೆಕ್ಕ ಹಾಕಿ ಮಾಡಬೇಕಾದ ಕೆಲಸ ದಿನದಿನಕ್ಕೆ ಹೆಚ್ಚುತ್ತಿದೆ. ಬರೀ ಕೈ ಸಾಲದು, ಬರೀ ಓದೂ ಸಾಲದು. ನಮ್ಮ ಮನೆಯಲ್ಲಿ ಎರಡೂ ಇದ್ದವು. ಅವೆರಡೂ ಒಂದನ್ನೊಂದು ಕೇಳಲಿಲ್ಲ. ಅದಕ್ಕೆ ಬೆಲೆ ತೆತ್ತವನು ನನ್ನ ತಮ್ಮ.

ಆದ್ದರಿಂದ ಗ್ಯಾರೇಜಿಗೆ ಹೋಗುವ ಮಕ್ಕಳೇ, ಹೋಗಿ, ಆದರೆ ಎಸ್ಸೆಸ್ಸೆಲ್ಸಿ ಮುಗಿಸಿ ಹೋಗಿ. ಐಟಿಐಯಲ್ಲಿ ಮೋಟಾರು ವಾಹನ ಮೆಕ್ಯಾನಿಕ್ ಎಂಬ ಎರಡು ವರ್ಷದ ಶಿಕ್ಷಣವಿದೆ, ಎಸ್ಸೆಸ್ಸೆಲ್ಸಿ ಪಾಸಾದವರು ಸೇರಬಹುದು. ಓದಿ ದೊಡ್ಡವರಾಗುವ ಮಕ್ಕಳೇ, ನಿಮ್ಮ ಅಬ್ಬಾನ ಕೈಯಲ್ಲಿ ಗ್ರೀಸ್ ಇದ್ದರೆ ನಾಚಬೇಡಿ. ಅವರ ಪಕ್ಕದಲ್ಲಿ ಕೂತು ಕೇಳಿ. ಈ ರಜೆಯಲ್ಲಿ ನಮ್ಮ ಗ್ಯಾರೇಜಿಗೆ ಬರುವವರಿಗೆ ಕೋನ್ ಸೆಟ್ ಪರೀಕ್ಷೆ ಹೇಳಿಕೊಡಲು ಅಬ್ಬಾ ಒಪ್ಪಿದ್ದಾರೆ. ಹಾಳೆ ಓದಿ ಹೇಳಲು ನಾನು ಇರುತ್ತೇನೆ. ನನ್ನನ್ನು ಪ್ರಶ್ನೆ ಕೇಳಿದ ಆ ಹುಡುಗ ತನ್ನ ಅಣ್ಣನನ್ನು ಬೈಕಿನ ಸಮೇತ ಕರೆದುಕೊಂಡು ಬರಲಿ. ಡ್ಯಾಂಪರ್ ಬೇಕೋ ಬೇಡವೋ ಎಂದು ಆಮೇಲೆ ತೀರ್ಮಾನಿಸೋಣ.

ಅಲ್ಲಾಹನು ನಿಮ್ಮನ್ನೂ ರಸ್ತೆಯಲ್ಲಿ ನಡೆಯುವ ಎಲ್ಲರನ್ನೂ ಸುರಕ್ಷಿತವಾಗಿ ಮನೆಗೆ ತಲುಪಿಸಲಿ. ಆಮೀನ್.  ಖುದಾ ಹಾಫಿಜ್.